ಉಜ್ಜಕ್ಕ ಕೆರೆದು ತೆಗೆದ ಮೂವತ್ತೊಂದು ನೋಟೀಸು

ಗೋಡೆಗೆ ಪೋಸ್ಟರ್ ಅಂಟಿಸುವವನಿಗೆ ಚುನಾವಣೆ ಹತ್ತಿರ ಬಂದರೆ ಕೂಲಿಯ ಜೊತೆ ಊಟ, ಬೆನ್ನು ತಟ್ಟುವ ಕೈ, ಹತ್ತಿ ತಿರುಗಲು ಒಂದು ಗಾಡಿ, ಎಲ್ಲ ಸಿಗುತ್ತದೆ. ಮರುದಿನ ಅದನ್ನು ಕೆರೆದು ತೆಗೆಯುವ ಹೆಂಗಸನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಉಜ್ಜಕ್ಕ ಹತ್ತೊಂಬತ್ತು ವರ್ಷ ನಗರಸಭೆಯ ಗೋಡೆಗಳನ್ನು ಕೆರೆದಳು. ಸಂಬಳ ಕೊಡುತ್ತಿದ್ದವನು ಗುತ್ತಿಗೆದಾರ, ಹುಕುಂ ಮಾಡುತ್ತಿದ್ದವನು ಅವನ ಮೇಸ್ತ್ರಿ. ಹೆತ್ತವರು ಇಟ್ಟ ಹೆಸರು ಕಾಗದಪತ್ರದಲ್ಲಿತ್ತು. ಬೀದಿಯವರ ಬಾಯಲ್ಲಿ ಮಾತ್ರ ಅವಳು ಉಜ್ಜಕ್ಕ, ಅವಳ ಗಂಡ ಉಜ್ಜಕ್ಕನ ಗಂಡ.

ಕೆಲಸದ ಸಾಮಾನು ಮೂರೇ. ಒಂದು ಬಕೆಟ್ಟು, ಒಂದು ಗಟ್ಟಿ ನಾರಿನ ಬ್ರಷ್ಷು, ಬಣ್ಣ ಬಳಿಯುವವರು ಗೋಡೆ ಕೆರೆಯಲು ಇಟ್ಟುಕೊಳ್ಳುವಂಥ ಅಗಲ ಅಲಗು. ಕಾಗದದ ಮೇಲ್ತುದಿಗೆ ನೀರು ಬಿಟ್ಟು, ಅದು ತಾನಾಗಿ ಕೆಳಗಿಳಿದು ಅಂಟು ಸಡಿಲವಾಗುವವರೆಗೆ ನೂರು ಎಣಿಸಿ, ಆಮೇಲೆ ಮೂಲೆಯಿಂದ ಅಲಗು ಹಾಕಬೇಕು. ಅವಸರ ಮಾಡಿದರೆ ಕಾಗದ ಚೂರಾಗುತ್ತದೆ, ಜೊತೆಗೆ ಸುಣ್ಣವೂ ಕಿತ್ತು ಬರುತ್ತದೆ. ಇದನ್ನು ಅವಳು ಕೈಯಿಂದಲೇ ಕಲಿತಳು. ಮೇಸ್ತ್ರಿ ಮೊದಲ ದಿನ ಕಲಿಸಿದ್ದು ಬೇರೆಯೇ ಒಂದು ಪಾಠ: ಓದಬಾರದು. ಓದುತ್ತ ನಿಂತರೆ ಗೋಡೆ ಮುಗಿಯುವುದಿಲ್ಲ. ಅವಳಿಗೆ ಓದು ಬರುತ್ತಿತ್ತು, ಅಕ್ಷರ ಅಕ್ಷರ ಕೂಡಿಸಿ, ನಿಧಾನಕ್ಕೆ. ಹತ್ತೊಂಬತ್ತು ವರ್ಷ ಗೋಡೆಯ ಮೇಲಿನ ಅಕ್ಷರದಿಂದ ಕಣ್ಣು ತಪ್ಪಿಸಿ ತಪ್ಪಿಸಿ ಅದು ಅಭ್ಯಾಸವೇ ಆಗಿಹೋಯಿತು.

ಅವಳ ಬೀದಿ ಬಸ್ ಡಿಪೋದ ಹಿಂದೆ. ಎರಡು ಸಾಲಿನಲ್ಲಿ ಮೂವತ್ತೊಂದು ಬಾಗಿಲು, ಒಂದೊಂದರ ಹಿಂದೆ ಒಂದೊಂದೇ ಕೋಣೆ, ನಡುವೆ ಸೈಕಲ್ಲು ಹೋದರೆ ಮನುಷ್ಯ ಗೋಡೆಗೆ ಒರಗಿಕೊಳ್ಳಬೇಕಾದಷ್ಟು ಜಾಗ. ಬೆಳಿಗ್ಗೆ ಐದೂವರೆಗೆ ಬೀದಿ ಖಾಲಿ. ಲಾಂಡ್ರಿಗೆ ಹೋಗುವವರು, ಬ್ರೆಡ್ಡು ಕಟ್ಟುವ ಬೇಕರಿಗೆ ಹೋಗುವವರು, ಲಾರಿಗೆ ಮೂಟೆ ಹೊರುವವರು, ಆಸ್ಪತ್ರೆಯ ನೆಲ ಒರೆಸುವವರು. ಮಕ್ಕಳು ಶಾಲೆಗೆ. ಎಪ್ಪತ್ತು ದಾಟಿದವರಿಗೂ ಮನೆಯಲ್ಲಿ ಕೂರುವ ಭಾಗ್ಯವಿರಲಿಲ್ಲ, ಎಲ್ಲೋ ಒಂದು ಗೇಟು ಕಾಯುತ್ತಿದ್ದರು. ಉಜ್ಜಕ್ಕನ ಗಂಡನೂ ಬೆನ್ನು ನೋವಿನವನು, ಒಂದು ಗೋದಾಮಿನ ಗೇಟಿನಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಸಂಜೆ ಆರರವರೆಗೆ ಮೂವತ್ತೊಂದು ಬಾಗಿಲಿಗೂ ಮೂವತ್ತೊಂದು ಬೀಗ.

ಉಜ್ಜಕ್ಕನಿಗೆ ವಾರದ ರಜೆ ಬುಧವಾರ, ಮಿಕ್ಕವರಿಗೆ ಭಾನುವಾರ. ಬುಧವಾರ ಒಬ್ಬಳೇ ಮನೆಯಲ್ಲಿದ್ದಾಗ ಕೈ ಸುಮ್ಮನಿರುತ್ತಿರಲಿಲ್ಲ. ಬೀದಿಯ ಬಾಗಿಲುಗಳಿಗೆ ಹಗಲಲ್ಲಿ ಬಂದವರು ಏನೇನೋ ಅಂಟಿಸಿ ಹೋಗುತ್ತಿದ್ದರು: ನೀರು ಸೋಸುವ ಯಂತ್ರ, ಮನೆಪಾಠ, ಕೂದಲು ಬರಿಸುವ ಎಣ್ಣೆ. ಅವಳು ಬಕೆಟ್ಟು ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಉಜ್ಜಿಕೊಂಡು ಹೋಗುತ್ತಿದ್ದಳು. ಯಾರೂ ಕೇಳಿಕೊಂಡದ್ದಲ್ಲ. ಆದರೆ ಬೀದಿಗೂ ಅದೇ ಅಭ್ಯಾಸವಾಗಿತ್ತು. ಬಾಗಿಲ ಮೇಲೆ ಕಾಗದ ಕಂಡರೆ ಯಾರೂ ಮುಟ್ಟುತ್ತಿರಲಿಲ್ಲ, ಓದುತ್ತಲೂ ಇರಲಿಲ್ಲ. ಬುಧವಾರ ಉಜ್ಜಕ್ಕ ತೆಗೀತಾಳೆ ಬಿಡು ಅನ್ನುತ್ತಿದ್ದರು.

ಆ ವರ್ಷ ಚುನಾವಣೆಗೆ ಎರಡು ತಿಂಗಳಿದ್ದಾಗ, ಒಂದು ಮಂಗಳವಾರ ಹಗಲಲ್ಲಿ ಮೂವತ್ತೊಂದು ಬಾಗಿಲಿಗೂ ಒಂದೇ ಅಳತೆಯ ಬಿಳಿ ಕಾಗದ ಬಿತ್ತು. ಸಂಜೆ ಬಂದವರು ಕಾಗದ ನೋಡಿದರು, ಬೀಗ ತೆಗೆದರು, ಒಳಗೆ ಹೋದರು. ಮರುದಿನ ಉಜ್ಜಕ್ಕ ನೀರು ಬಿಟ್ಟಳು, ನೂರು ಎಣಿಸಿದಳು, ಒಂದೊಂದನ್ನೇ ಇಡಿಯಾಗಿ ಸುಲಿದು ಬಕೆಟ್ಟಿಗೆ ಹಾಕಿದಳು. ಅಂಟು ತೆಳ್ಳಗಿತ್ತಂತೆ, ಸಲೀಸಾಗಿ ಬಂತಂತೆ.

ಕಾಗದ ಬಿದ್ದು ಹತ್ತೊಂಬತ್ತು ದಿನ ಕಳೆದ ಮೇಲೆ, ಒಂದು ಭಾನುವಾರ, ನಾವು ಕೂಲಿಕಾರರ ಸಂಘದವರು ಮತದಾರರ ಪಟ್ಟಿಯ ಪ್ರತಿ ಹಿಡಿದು ಆ ಬೀದಿಗೆ ಹೋದೆವು. ಪ್ರತಿ ಚುನಾವಣೆಗೂ ಮನೆ ಮನೆಗೆ ಹೋಗಿ ಹೆಸರು ತಾಳೆ ನೋಡುವುದು ನಮ್ಮ ಹಳೇ ಕೆಲಸ. ಆ ಬೀದಿಯ ಪುಟವೇ ಇರಲಿಲ್ಲ. ಒಂದನೇ ಬಾಗಿಲಿನಿಂದ ಮೂವತ್ತೊಂದನೆಯದರವರೆಗೆ ಎಂಬತ್ತಮೂರು ಜನ, ಒಂದು ಹೆಸರೂ ಇಲ್ಲ.

ಹೇಳಿದರೆ ಯಾರೂ ನಂಬಲಿಲ್ಲ. ಎಲ್ಲರೂ ಒಳಗೆ ಹೋಗಿ ಟ್ರಂಕಿನ ತಳದಿಂದ ಗುರುತಿನ ಕಾರ್ಡು ತಂದು ನಮ್ಮ ಮೂಗಿನ ಮುಂದೆ ಹಿಡಿದರು. ಫೋಟೋ ಇದೆ, ಮೊಹರು ಇದೆ, ಇನ್ನೇನು ಬೇಕು ಎಂದರು. ಈ ಒಂದು ಮಾತನ್ನು ನಾನು ಮೂವತ್ತು ವರ್ಷದಿಂದ ಗಂಟಲು ಹರಿದುಕೊಂಡು ಹೇಳುತ್ತಿದ್ದೇನೆ, ಇನ್ನೊಮ್ಮೆ ಬರೆಯುತ್ತೇನೆ. ಕಾರ್ಡು ನೀವು ಯಾರು ಅನ್ನುವುದನ್ನು ಮಾತ್ರ ಹೇಳುತ್ತದೆ. ಮತ ಹಾಕಬಹುದೇ ಇಲ್ಲವೇ ಅನ್ನುವುದನ್ನು ಹೇಳುವುದು ಪಟ್ಟಿ. ಕಳೆದ ಸಲ ಇದ್ದ ಹೆಸರು ಈ ಸಲ ಇರುತ್ತದೆ ಎಂದು ಯಾರೂ ನಿಮಗೆ ಬರೆದುಕೊಟ್ಟಿಲ್ಲ. ಮತದಾನದ ದಿನ ಹೋಗಿ ಮೇಜು ಗುದ್ದಿದರೆ ಮೇಜಿಗೆ ನೋವಾಗುತ್ತದೆ, ಅಷ್ಟೇ. ನೋಡಬೇಕಾದದ್ದು ತಿದ್ದಲು ಕೊನೆಯ ದಿನ ಮುಗಿಯುವ ಮುಂಚೆ.

ಆ ಸಲ ಆ ಕೊನೆಯ ದಿನ ಮುಂದಿನ ಶನಿವಾರ. ಆರು ದಿನ ಇತ್ತು.

ಹೆಸರು ತೆಗೆಯುವ ಮುಂಚೆ ನೋಟೀಸು ಕೊಟ್ಟಿರಲೇಬೇಕಲ್ಲ, ಯಾರಿಗಾದರೂ ಬಂದಿತ್ತೇ ಎಂದು ಕೇಳಿದೆವು. ಇಲ್ಲ, ಇಲ್ಲ ಎಂದು ಬೀದಿಯೆಲ್ಲ ತಲೆ ಅಲ್ಲಾಡಿಸಿತು. ಉಜ್ಜಕ್ಕನ ನಾದಿನಿಯ ಬಾಗಿಲಿನ ಚಿಲಕದ ಕೆಳಗೆ ಮಾತ್ರ, ಅಲಗು ಹೋಗದ ಸಂದಿಯಲ್ಲಿ, ಬೆರಳಗಲ ಕಾಗದ ಉಳಿದಿತ್ತು. ಅದರಲ್ಲಿ ಅರ್ಧ ಮೊಹರು, 'ಹತ್ತು ದಿನದೊಳಗೆ ಹಾಜರಾಗದಿದ್ದರೆ' ಎಂಬ ಅರ್ಧ ಸಾಲು. ನಾದಿನಿ ಬೇಕರಿಯಲ್ಲಿ ಬ್ರೆಡ್ಡು ಕಟ್ಟುವವಳು, ಬಾಯಿ ಜೋರಿನವಳು. ಇದೇನಿದು ಎಂದು ಉಗುರಿನಿಂದ ಕೆರೆಯತೊಡಗಿದಳು. ಉಜ್ಜಕ್ಕ ಹಿಂದೆ ನಿಂತಿದ್ದಳು. ಮುಖ ಸುಣ್ಣ ಬಳಿದ ಹಾಗಾಯಿತು.

"ಅದನ್ನ ಕೆರೆದದ್ದು ನಾನು," ಅಂದಳು. "ಎಲ್ಲಾ ಮನೇದೂ ನಾನೇ."

ಆಮೇಲೆ ಬೀದಿಯಲ್ಲಿ ಆದ ಗಲಾಟೆಯನ್ನು ಇಲ್ಲಿ ಬರೆಯುವುದಿಲ್ಲ, ಹೆಂಗಸರು ಗಂಡಸರು ಮಕ್ಕಳು ಎಲ್ಲ ಸೇರಿ ಬಾಯಿಗೆ ಬಂದಂತೆ ಬೈದರು. ನಾದಿನಿ ಹೇಳಿದ್ದು ಒಂದೇ ಮಾತು, ಬೀದಿ ಪೂರ್ತಿ ಕೇಳುವ ಹಾಗೆ.

"ಅತ್ತಿಗೆ, ಊರಿನ ಗೋಡೆ ತೊಳೆದು ಸಾಲದೆ ನಮ್ಮ ಹೆಸರೂ ತೊಳೆದು ಬಿಟ್ಯಲ್ಲ."

ಅಂದಿನಿಂದ ಅವಳು ಅತ್ತಿಗೆಯ ಜೊತೆ ಮಾತು ಬಿಟ್ಟಳು. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ.

ಬೀದಿ ಬೈದದ್ದು ಉಜ್ಜಕ್ಕನನ್ನು. ನನಗೆ ಸಿಟ್ಟು ಬಂದದ್ದು ಬೇರೆಯವರ ಮೇಲೆ. ಎಂಬತ್ತಮೂರು ಜನರ ಹಕ್ಕು ಕಿತ್ತುಕೊಳ್ಳುತ್ತೇವೆ ಎಂಬ ಸುದ್ದಿಯನ್ನು ಕೂದಲ ಎಣ್ಣೆಯ ಜಾಹೀರಾತಿನ ಹಾಗೆ ಬೀಗ ಹಾಕಿದ ಬಾಗಿಲಿಗೆ ಮೆತ್ತಿ ಹೋದವರು ಯಾರು? ಕರೆಂಟಿನ ಬಿಲ್ಲು ಬಾಕಿ ಇದ್ದರೆ ರಾತ್ರಿ ಎಂಟಕ್ಕೂ ಬಂದು ಬಾಗಿಲು ಬಡಿಯುತ್ತಾರಲ್ಲ, ಆಗ ಮಾತ್ರ ಈ ಜನ ಯಾವಾಗ ಮನೆಯಲ್ಲಿರುತ್ತಾರೆ ಅಂತ ಹೇಗೆ ಗೊತ್ತಾಗುತ್ತದೆ?

ಸೋಮವಾರ ಕೆಲಸ ಮುಗಿಸಿ ನಾಲ್ಕೂವರೆಗೆ ಉಜ್ಜಕ್ಕ ನನ್ನ ಜೊತೆ ಪಟ್ಟಿಯ ಕಚೇರಿಗೆ ಬಂದಳು. ಬೆರಳ ಸಂದಿಯಲ್ಲಿ ಇನ್ನೂ ಒಣಗಿದ ಅಂಟಿತ್ತು. ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ, ಕುರ್ಚಿ ಕೊಟ್ಟ, ನೀರು ಕೊಟ್ಟ, ಕಂಪ್ಯೂಟರು ನಮ್ಮ ಕಡೆ ತಿರುಗಿಸಿದ. ಪರಿಶೀಲನೆಗೆ ಹೋದ ಪ್ರಾಥಮಿಕ ಶಾಲೆಯ ಮೇಷ್ಟ್ರು ಎರಡು ಸಲ ಹೋಗಿದ್ದಾರೆ, ಎರಡು ಸಲವೂ ಹನ್ನೊಂದು ಗಂಟೆಗೆ, ಎರಡು ಸಲವೂ ಬೀಗ. 'ವಾಸವಿಲ್ಲ' ಎಂದು ಬರೆದಿದ್ದಾರೆ. ಮೂರನೇ ಸಲ ನೋಟೀಸು ಅಂಟಿಸಿ ಒಂದೊಂದು ಬಾಗಿಲಿನದೂ ಫೋಟೋ ತೆಗೆದಿದ್ದಾರೆ. ಹತ್ತು ದಿನ ಕಾದರೂ ಒಬ್ಬರೂ ಬರಲಿಲ್ಲ. ನಿಯಮದ ಪ್ರಕಾರ ಎಲ್ಲ ಸರಿಯಾಗಿದೆ ಎಂದ.

ಉಜ್ಜಕ್ಕ ಫೋಟೋಗಳನ್ನು ನೋಡಿದಳು. ಒಂದಾದ ಮೇಲೆ ಒಂದು. ಹತ್ತನೆಯದೋ ಹನ್ನೊಂದನೆಯದೋ ಬಂದಾಗ ಬೆರಳಿಟ್ಟಳು.

"ಸಾರ್, ಈ ಬಾಗಿಲ ಪಕ್ಕ ದಾರದ ಮೇಲೆ ಏನದು?"

ಅಧಿಕಾರಿ ಬಗ್ಗಿ ನೋಡಿ, ಬಟ್ಟೆ, ಎಂದ.

"ಲಂಗ ಸಾರ್ ಅದು. ನನ್ನ ನಾದಿನೀದು. ತೊಟ್ಟಿಕ್ತಾ ಇದೆ, ಕೆಳಗೆ ನೆಲ ಒದ್ದೆ ಕಾಣ್ತಿದೆ ನೋಡಿ. ಮನೆ ಬಿಟ್ಟು ಹೋದೋಳು ಒದ್ದೆ ಲಂಗ ಹರವಿ ಹೋಗ್ತಾಳಾ?"

ಅಧಿಕಾರಿ ಕಂಪ್ಯೂಟರು ತನ್ನ ಕಡೆ ತಿರುಗಿಸಿಕೊಂಡ. ಆಮೇಲೆ, ಬಟ್ಟೆ ದಾಖಲೆ ಆಗುವುದಿಲ್ಲಮ್ಮ, ಎಂದ. ಮೆಲ್ಲಗೆ, ಮರ್ಯಾದೆಯಾಗಿ ಹೇಳಿದ. ಕೂಗಾಡುವ ಅಧಿಕಾರಿಯ ಜೊತೆ ನಾವೂ ಕೂಗಾಡಬಹುದು. ಮರ್ಯಾದೆಯಾಗಿ ಕೊರಳು ಹಿಸುಕುವವನ ಜೊತೆ ಏನು ಮಾಡುವುದು?

ದಾರಿ ಒಂದೇ ಇತ್ತು. ನೋಟೀಸು ಮನೆಯವರ ಕೈ ಸೇರಲಿಲ್ಲ ಎಂದು ಸಾಬೀತಾದರೆ ಹೆಸರು ತೆಗೆದದ್ದನ್ನು ರದ್ದು ಮಾಡಿ ಮತ್ತೊಮ್ಮೆ ಮನೆ ನೋಡಬಹುದು. ಆದರೆ ಅಂಟಿಸಿದ ಫೋಟೋ ಇದೆ. ಹಾಗಾದರೆ ನೋಟೀಸು ಯಾರು ಕಿತ್ತರು ಅನ್ನುವುದು ಬರವಣಿಗೆಯಲ್ಲಿ ಬೇಕು, ಕಿತ್ತವರ ಸಹಿಯೊಂದಿಗೆ. ಸರ್ಕಾರಿ ನೋಟೀಸು ಕೀಳುವುದು ತಪ್ಪು, ಕೇಸೂ ಆಗಬಹುದು ಎಂಬುದನ್ನೂ ಅಧಿಕಾರಿ ಮರ್ಯಾದೆಯಾಗಿಯೇ ತಿಳಿಸಿದ.

ಸಹಿ ಮಾಡು ಎಂದು ನಾನು ಹೇಳಲಿಲ್ಲ. ಕೆಲಸ ಹೋದರೆ ಹೋಗುವುದು ಅವಳದು, ನನ್ನದಲ್ಲ. ಬೇರೆಯವರ ಅನ್ನದ ಮೇಲೆ ಧೈರ್ಯ ತೋರಿಸುವ ಮುಖಂಡರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮಂಗಳವಾರದ ಹೊತ್ತಿಗೆ ಸುದ್ದಿ ಮೇಸ್ತ್ರಿಯ ಕಿವಿಗೆ ಬಿದ್ದಿತ್ತು. ಅವನು ಗೋಡೆಯ ಹತ್ತಿರವೇ ಬಂದು ಹೇಳಿದನಂತೆ: ಬರೆದುಕೊಟ್ಟರೆ ನಗರಸಭೆಯವರು ಗುತ್ತಿಗೆದಾರನನ್ನು ಕೇಳುತ್ತಾರೆ, ಅವನು ನನ್ನನ್ನು ಕೇಳುತ್ತಾನೆ, ಆಮೇಲೆ ನಿನ್ನನ್ನು ಇಟ್ಟುಕೊಳ್ಳುವುದು ನನ್ನ ಕೈಲಿಲ್ಲ. ಓದದೆ ಕೆರೆ ಅಂತ ಕಲಿಸಿದ್ದು ಯಾರು ಎಂದು ಉಜ್ಜಕ್ಕ ಕೇಳಿದಳು. ಮೇಸ್ತ್ರಿ ಬೀಡಿ ಹಚ್ಚಿಕೊಂಡು ಹೋದ. ಗಂಡ ಅಂದು ಸಂಜೆ, ನಿನಗೆ ಬೇಕಾದ್ದು ಮಾಡು, ನನ್ನ ಸಂಬಳದಲ್ಲಿ ಬಾಡಿಗೆ ಆಗುತ್ತದೆ, ಊಟ ಆಗುವುದಿಲ್ಲ ಎಂದ. ಅದು ಒಪ್ಪಿಗೆಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ಗೋಡೆಯ ಆಚೆ ನಾದಿನಿಯ ಮನೆಯಲ್ಲಿ ಪಾತ್ರೆಗಳು ಬೇಕಂತಲೇ ಸದ್ದು ಮಾಡುತ್ತಿದ್ದವು.

ಬುಧವಾರ ಅವಳು ಕಚೇರಿಯ ಬೆಂಚಿನ ಮೇಲೆ ಕೂತು ತಾನೇ ಬರೆದಳು. ನಾನು ಬರೆಯುತ್ತೇನೆಂದರೆ ಪೆನ್ನು ಬಿಡಲಿಲ್ಲ. ಆ ಕಾಗದದ ಪ್ರತಿ ನನ್ನ ಹತ್ತಿರ ಇದೆ. "ಮೂವತ್ತೊಂದು ಬಾಗಿಲಿನ ಕಾಗದ ನಾನೇ ನೆನೆಸಿ ತೆಗೆದೆ. ಓದಲಿಲ್ಲ. ಮನೆಯವರಿಗೆ ಗೊತ್ತಿಲ್ಲ. ಅವರೆಲ್ಲ ಅಲ್ಲೇ ಇದ್ದಾರೆ. ಬೆಳಿಗ್ಗೆ ಐದಕ್ಕೆ ಬಂದು ನೋಡಿ, ಹನ್ನೊಂದಕ್ಕೆ ಬರಬೇಡಿ." ಕೊನೆಯ ಸಾಲನ್ನು ತೆಗೆಯಿರಿ, ಅದು ಅರ್ಜಿಯ ಭಾಷೆಯಲ್ಲ ಎಂದು ಅಧಿಕಾರಿ ಹೇಳಿದ. ಅವಳು ತೆಗೆಯಲಿಲ್ಲ.

ಗುರುವಾರ ಬೆಳಿಗ್ಗೆ ಐದಕ್ಕೆ ಮೇಷ್ಟ್ರು ಬಂದರು. ಸ್ಕೂಟರು ನಿಲ್ಲಿಸಿ ಬೀದಿಯ ಬಾಯಲ್ಲೇ ನಿಂತುಬಿಟ್ಟರು. ನಲ್ಲಿಯ ಮುಂದೆ ಸಾಲು, ಹಲ್ಲುಜ್ಜುತ್ತ ನಿಂತವರು, ಮಗುವಿನ ತಲೆ ಬಾಚುತ್ತ ಬುತ್ತಿ ಮುಚ್ಚುತ್ತಿರುವವರು, ಪ್ಯಾಂಟಿನೊಳಗೆ ಒಂದು ಕಾಲು ಹಾಕಿ ಇನ್ನೊಂದನ್ನು ಹುಡುಕುತ್ತಿರುವವರು. ಮೇಷ್ಟ್ರಿಗೆ ಇಷ್ಟೊಂದು ಜನ ಇಲ್ಲಿ ಇದ್ದಾರೆಂದು ಗೊತ್ತೇ ಇರಲಿಲ್ಲವಂತೆ. ಅವರದ್ದೂ ತಪ್ಪೆಂದು ಹೇಳಲಾರೆ. ಮಕ್ಕಳಿಗೆ ಗಣಿತ ಕೊಟ್ಟು ಕೂರಿಸಿ ಆ ನಡುವೆ ಒಂದು ಗಂಟೆ ಓಡಿಬಂದು ಸಾವಿರ ಮನೆ ನೋಡು ಎಂದರೆ ಅವರಾದರೂ ಏನು ಮಾಡಿಯಾರು? ಆದರೂ ಕೇಳುತ್ತೇನೆ. ಬೀಗ ಕಂಡರೆ 'ಬೀಗ' ಎಂದು ಬರೆಯಬೇಕಿತ್ತು. 'ವಾಸವಿಲ್ಲ' ಎಂದು ಯಾಕೆ ಬರೆದರು? ದುಡಿಯಲು ಹೋದವನು ಊರು ಬಿಟ್ಟವನು ಎಂದು ಯಾವ ಶಾಲೆಯಲ್ಲಿ ಕಲಿಸುತ್ತಾರೆ?

ಅರ್ಧ ಗಂಟೆಯಲ್ಲಿ ಎಪ್ಪತ್ತೊಂಬತ್ತು ಜನರ ಸಹಿ ಮುಗಿಯಿತು. ನಾಲ್ಕು ಹೆಸರು ಬರಲಿಲ್ಲ. ಇಬ್ಬರು ಲಾರಿಯ ಜೊತೆ ಹೊರಗೆ ಹೋಗಿದ್ದರು. ಒಬ್ಬನಿಗೆ ಹೊಟ್ಟೆಯ ಆಪರೇಷನ್ನು, ಹೆಂಡತಿ ಅವನ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದಳು. ಆಸ್ಪತ್ರೆಯ ಚೀಟಿ ತೋರಿಸಿದೆವು. ಖುದ್ದಾಗಿ ಮನೆಯಲ್ಲಿ ಕಾಣಬೇಕು ಎಂದರು. ಹೊಟ್ಟೆ ಕುಯ್ಯಿಸಿಕೊಂಡು ಮಲಗಿದವನೂ ವಾಸವಿಲ್ಲದವನೇ ಆದ. ಶನಿವಾರ ಸಂಜೆ, ಎಪ್ಪತ್ತೊಂಬತ್ತು ಹೆಸರು ಮತ್ತೆ ಸೇರಿದ ಮೇಲೆ, ಪಟ್ಟಿ ಮುಚ್ಚಿತು.

ಕೇಸು ಯಾರೂ ಹಾಕಲಿಲ್ಲ. ಅದಕ್ಕಿಂತ ಸುಲಭದ ಕೆಲಸ ಮಾಡಿದರು. ಶುಕ್ರವಾರ ಉಜ್ಜಕ್ಕ ಕೆಲಸಕ್ಕೆ ಹೋದಾಗ ಹಾಜರಿ ಪುಸ್ತಕದಲ್ಲಿ ಅವಳ ಸಾಲಿಗೆ ಗೆರೆ ಎಳೆದಿತ್ತು. ಮೇಸ್ತ್ರಿ ಬಕೆಟ್ಟು ವಾಪಸ್ಸು ಇಸಿದುಕೊಂಡ, ಬ್ರಷ್ಷು ಇಸಿದುಕೊಂಡ. ಅಲಗು ಅವಳ ಸ್ವಂತದ್ದು. ಅದನ್ನೂ ಇಟ್ಟು ಹೋಗು ಎಂದನಂತೆ. ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಇದು ನನ್ನಪ್ಪನ ಮನೇದು ಎಂದು ಹೇಳಿ ಬಂದಳು. ಬೀದಿಯವರಲ್ಲಿ ಕೆಲವರು ಅಯ್ಯೋ ಎಂದರು, ಕೆಲವರು ಮಾಡಿದ್ದಕ್ಕೆ ತಕ್ಕದ್ದಾಯಿತು ಎಂದರು.

ಮತದಾನದ ಹಿಂದಿನ ದಿನ ಒಂದು ಪಕ್ಷದವರು ಬಂದು, ನಿಮ್ಮ ಹೆಸರು ಮತ್ತೆ ಹಾಕಿಸಿದ್ದು ನಮ್ಮ ಅಣ್ಣಾವ್ರು ಎಂದು ಕೈ ಮುಗಿದರು. ಗಂಟೆ ಕಳೆದು ಇನ್ನೊಂದು ಪಕ್ಷದವರು ಬಂದು ಅದನ್ನೇ ಹೇಳಿದರು, ಅಣ್ಣ ಮಾತ್ರ ಬೇರೆ. ಯಾರು ಯಾರಿಗೆ ಹಾಕಿದರೆಂದು ಬೂತಿನಲ್ಲಿ ಗೊತ್ತಾಗುತ್ತದೆ, ನಮ್ಮ ಹುಡುಗರು ಒಳಗೇ ಇರುತ್ತಾರೆ ಎಂದು ಅವರಲ್ಲೊಬ್ಬ ಪಿಸುಗುಟ್ಟಿದ. ಉಜ್ಜಕ್ಕ ಹೊಸ್ತಿಲ ಮೇಲೆ ಕೂತವಳು ಏಳಲಿಲ್ಲ.

"ಒಳಗೆ ಕೂತೋನಿಗೆ ನನ್ನ ಮುಖ ಕಾಣುತ್ತೆ, ನನ್ನ ಬೆರಳು ಎಲ್ಲಿಗೆ ಹೋಯ್ತು ಅಂತ ಕಾಣಲ್ಲ. ನಿಮ್ಮಣ್ಣ ಹೆಸರು ಹಾಕಿಸಿದ್ರೆ ಹೇಳಪ್ಪಾ, ಈ ಬೀದೀಲಿ ಎಷ್ಟು ಬಾಗಿಲಿದೆ?"

ಅವನು ತಿರುಗಿ ಎಣಿಸತೊಡಗಿದ. ನಲ್ಲಿಯ ಹತ್ತಿರದ ಹೆಂಗಸರು ಬಿದ್ದು ಬಿದ್ದು ನಕ್ಕರು. ಬಹಳ ದಿನದ ಮೇಲೆ ಆ ಬೀದಿ ನಕ್ಕಿತ್ತು.

ಮತದಾನದ ದಿನ ಬೆಳಿಗ್ಗೆ ಏಳಕ್ಕೇ ಬೀದಿಯ ಅರ್ಧ ಜನ ಶಾಲೆಯ ಮುಂದೆ ಸಾಲಿನಲ್ಲಿದ್ದರು. ಉಜ್ಜಕ್ಕ ತನ್ನ ಮತ ಹಾಕಿ ಬಂದು ಎದುರಿನ ಮರದ ಕೆಳಗೆ ಕೂತಳು, ಬೀದಿಯ ಹೆಸರುಗಳ ಹಾಳೆ ತೊಡೆಯ ಮೇಲೆ. ಬಂದು ಹೋದವರ ಹೆಸರಿಗೆ ಗುರುತು ಹಾಕುತ್ತಿದ್ದಳು. ಕೆಲಸ ಇಲ್ಲದವಳಿಗೆ ಹೊತ್ತಿಗೇನು ಬರ. ನಾಲ್ಕು ಗಂಟೆಗೆ ಅರವತ್ತೆಂಟು ಗುರುತು ಬಿದ್ದಿತ್ತು. ಉಳಿದ ಹನ್ನೊಂದೂ ಬೇಕರಿಯ ಹೆಂಗಸರು. ಅದರಲ್ಲಿ ನಾದಿನಿಯೂ ಒಬ್ಬಳು.

ಮತ ಹಾಕಲು ರಜೆ ಕೊಡಬೇಕು, ಸಂಬಳ ಮುರಿಯಬಾರದು ಎಂದು ನಿಯಮವಿತ್ತು. ಬೇಕರಿಯವನು ಅದನ್ನು ತನ್ನ ಮೂಗಿನ ನೇರಕ್ಕೆ ಓದಿಕೊಂಡಿದ್ದ: ಐದಕ್ಕೆ ಪಾಳಿ ಮುಗಿಯುತ್ತದೆ, ಮತದಾನ ಆರಕ್ಕೆ ಮುಗಿಯುತ್ತದೆ, ಒಂದು ಗಂಟೆ ಸಾಲದೇ ಎಂದು. ಐದು ಗಂಟೆಗೆ ಸರಿಯಾಗಿ ಇನ್ನೊಂದು ವ್ಯಾನು ಬಂತು, ಇದನ್ನೂ ತುಂಬಿಸಿ ಹೋಗಿ ಎಂದು ಗೇಟು ಹಾಕಿದ.

ಐದೂವರೆಯಾದರೂ ಯಾರೂ ಬಾರದಿದ್ದಾಗ ಉಜ್ಜಕ್ಕ ಎದ್ದಳು. ನಾನೂ ಹಿಂದೆ ಹೋದೆ. ಬೇಕರಿಗೆ ಹತ್ತು ನಿಮಿಷದ ದಾರಿ, ಅವಳು ಓಡುತ್ತ ಹೋಗಿದ್ದರಿಂದ ಐದೇ ನಿಮಿಷವಾಯಿತು. ದಾರಿಯಲ್ಲಿ ಬಿದ್ದಿದ್ದ ಅರ್ಧ ಇಟ್ಟಿಗೆ ಎತ್ತಿಕೊಂಡು ಕಬ್ಬಿಣದ ಗೇಟಿಗೆ ಬಡಿಯತೊಡಗಿದಳು. ಆಚೀಚೆ ಅಂಗಡಿಯವರೆಲ್ಲ ಹೊರಗೆ ಬಂದರು. ಗೇಟಿನ ಕಿಂಡಿ ತೆರೆದು ಬೇಕರಿಯ ಮೇಲ್ವಿಚಾರಕ ಮುಖ ಹಾಕಿದ. ಏನಮ್ಮ ನಿನ್ನ ಗೋಳು ಎಂದ.

"ಒಳಗೆ ಹನ್ನೊಂದು ಮತ ಕೂಡಿಹಾಕಿದೀರಿ. ಬಿಡಿ."

ವ್ಯಾನು ತುಂಬಿದ ಮೇಲೆ ಬಿಡುತ್ತೇನೆ ಎಂದ.

"ಹಂಗಾದ್ರೆ ಈ ಗೇಟಿಂದು ಒಂದು ಫೋಟೋ ತೆಗೆದು ಬೂತಿನ ಅಧಿಕಾರಿಗೆ ತೋರಿಸ್ತೀನಿ. ಅವರಿಗೆ ಮುಚ್ಚಿದ ಬಾಗಿಲ ಫೋಟೋ ಅಂದ್ರೆ ಪ್ರಾಣ."

ನನ್ನ ಕೈಯಿಂದ ಫೋನು ಕಿತ್ತುಕೊಂಡು ಅವನ ಮುಖಕ್ಕೇ ಹಿಡಿದಳು. ಅದರಲ್ಲಿ ಫೋಟೋ ತೆಗೆಯುವುದು ಅವಳಿಗೆ ಬರುತ್ತಿರಲಿಲ್ಲ, ಅವನಿಗದು ತಿಳಿಯಲಿಲ್ಲ. ಒಳಗಿನಿಂದ ನಾದಿನಿಯ ದನಿ ಎದ್ದಿತು, ಅದರ ಹಿಂದೆ ಮಿಕ್ಕವರದು. ಚಿಲಕ ಸರಿಯಿತು. ಹತ್ತು ಹೆಂಗಸರು ಹೊರಗೆ ಬಂದರು, ಕೈಗೆ ಹಾಕಿದ್ದ ಪ್ಲಾಸ್ಟಿಕ್ಕು ಚೀಲ ಕಳಚುತ್ತ. ಹನ್ನೊಂದನೆಯವಳು ಬರಲಿಲ್ಲ. ಹೊಸದಾಗಿ ಸೇರಿದವಳು, ನಾಳೆ ನನ್ನ ತೆಗೆದರೆ ಎಂದು ವ್ಯಾನಿನ ಹಿಂದೆ ನಿಂತುಬಿಟ್ಟಳಂತೆ. ಅವಳನ್ನು ನಾನು ಬೈಯುವುದಿಲ್ಲ. ಅವಳ ಹೆಸರನ್ನು ಅಷ್ಟು ಕಷ್ಟಪಟ್ಟು ಪಟ್ಟಿಗೆ ತಂದರೂ ಒಬ್ಬ ಮನುಷ್ಯ ಒಂದು ವ್ಯಾನು ತೋರಿಸಿ ಅಳಿಸಿಬಿಟ್ಟ.

ಶಾಲೆ ಮುಟ್ಟಿದಾಗ ಆರಕ್ಕೆ ಎಂಟು ನಿಮಿಷವಿತ್ತು, ಮುಂದೆ ಉದ್ದನೆಯ ಸಾಲು. ಇನ್ನೇನು ಸಿಗುವುದಿಲ್ಲ ಬನ್ನಿ ಎಂದು ಒಬ್ಬಳು ತಿರುಗಿದಳು. ಉಜ್ಜಕ್ಕ ರಟ್ಟೆ ಹಿಡಿದು ನಿಲ್ಲಿಸಿದಳು. ಆರಕ್ಕೆ ಗೇಟು ಹಾಕುವ ಹೊತ್ತಿಗೆ ಸಾಲಿನಲ್ಲಿದ್ದವರಿಗೆಲ್ಲ, ಏಳಾಗಲಿ ಎಂಟಾಗಲಿ, ಮತ ಹಾಕಲು ಬಿಡಲೇಬೇಕು. ಅದನ್ನು ಅವಳು ನಮ್ಮಿಂದ ಕೇಳಿ ತಿಳಿದಿದ್ದಳು. ಆರು ಗಂಟೆಗೆ ಒಬ್ಬ ಸಿಬ್ಬಂದಿ ಬಂದು ಸಾಲಿನ ಬಾಲದಿಂದ ಚೀಟಿ ಹಂಚುತ್ತ ಹೋದ. ಮೊದಲನೇ ಚೀಟಿ ನಾದಿನಿಗೆ ಸಿಕ್ಕಿತು, ಯಾಕೆಂದರೆ ಎಲ್ಲರನ್ನೂ ಮುಂದೆ ತಳ್ಳಿ ಅವಳೇ ಕೊನೆಗೆ ನಿಂತಿದ್ದಳು.

ಏಳೂ ಹತ್ತಕ್ಕೆ ಅವಳು ಹೊರಗೆ ಬಂದಳು. ಬೆರಳ ಮೇಲೆ ಶಾಯಿ ಇನ್ನೂ ಒದ್ದೆಯಿತ್ತು. ಮತ್ತೆ ಮರದ ಕೆಳಗೆ ಕೂತಿದ್ದ ಅತ್ತಿಗೆಯ ಮುಂದೆ ಬಂದು ನಿಂತಳು.

"ನಂಗಿನ್ನೂ ನಿನ್ನ ಮೇಲೆ ಸಿಟ್ಟು ಹೋಗಿಲ್ಲ ಅತ್ತಿಗೆ."

"ಹೋಗೋದು ಬೇಡ ಬಿಡು," ಎಂದಳು ಉಜ್ಜಕ್ಕ. "ಇವತ್ತಿನ ಅರ್ಧ ದಿನದ ಸಂಬಳ ಮುರೀತಾನಂತಾ ಅವನು?"

ಮುರಿಯುತ್ತಾನಂತೆ, ಹತ್ತೂ ಜನರದ್ದು, ಗೇಟಿನಲ್ಲೇ ಹೇಳಿದ ಎಂದು ನಾದಿನಿ ಹೇಳಿದಳು. ಉಜ್ಜಕ್ಕ ತೊಡೆಯ ಮೇಲಿದ್ದ ಹಾಳೆಯ ಹಿಂದಿನ ಬದಿ ತಿರುಗಿಸಿ, ನನ್ನ ಕಡೆ ಪೆನ್ನಿಗೆ ಕೈ ಚಾಚಿ, ಮೇಲೆ 'ದೂರು' ಎಂದು ಬರೆದು, ಹತ್ತು ಹೆಸರು ಒಂದರ ಕೆಳಗೊಂದು ಬರೆಯತೊಡಗಿದಳು.